ಎಮ್ಮಿಗನೂರಿನಲ್ಲಿದ್ದ ನನ್ನ ಮುಖ

ಕಂಪ್ಲಿಯ ಬಸ್ ನಿಲ್ದಾಣದಲ್ಲಿ ಇಳಿದು ಇನ್ನೂ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ರೈತರೊಬ್ಬರು ಜನರ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ಡಾಕ್ಟ್ರೇ, ಎದ್ದು ನಿಂತೈತ್ರಿ! ಮುಂಜಾನಿ ತಾನಾ ಎದ್ದು ನೀರು ಕುಡೀತು!”

“ಯಾರು?” ಎಂದೆ.

“ಯಾರು ಅಂತೀರಲ್ರಿ. ನಮ್ಮ ಎಮ್ಮಿ!”

ನಾನು ಡಾಕ್ಟರಲ್ಲ, ಎಮ್ಮೆಯ ವಿಷಯ ನನಗೇನೂ ಗೊತ್ತಿಲ್ಲ ಎಂದೆ. ಅವರು ಬಾಯ್ತುಂಬ ನಕ್ಕರು. ಡಾಕ್ಟ್ರು ಬೆಳಬೆಳಿಗ್ಗೆಯೇ ತಮಾಷೆ ಶುರುಮಾಡಿದ್ದಾರೆ ಎಂದುಕೊಂಡಿರಬೇಕು. ಚೀಲದಿಂದ ಒಂದು ಚಿಪ್ಪು ಬಾಳೆಹಣ್ಣು ತೆಗೆದು ನನ್ನ ಕೈಗಿಟ್ಟು, ಹೊರಡಲು ನಿಂತಿದ್ದ ಬಸ್ಸು ಹತ್ತಿ ಕಿಟಕಿಯಿಂದ ಕೈಬೀಸಿದರು. ನಾನೂ ಬೀಸಿದೆ.

ನಾನು ಹೊಸಪೇಟೆಯವನು. ಕಮಲಾಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಆ ವರ್ಷ ಹತ್ತನೇ ತರಗತಿಯ ಪರೀಕ್ಷೆಗೆ ಮೇಲ್ವಿಚಾರಕನಾಗಿ ನನ್ನನ್ನು ಕಂಪ್ಲಿಗೆ ಹಾಕಿದ್ದರು. ಆರು ಪತ್ರಿಕೆ, ಎರಡು ವಾರ. ಅದಕ್ಕೆ ಮೊದಲು ಕಂಪ್ಲಿಗೆ ನಾನು ಹೋಗಿದ್ದುದು ಎರಡೋ ಮೂರೋ ಮದುವೆಗೆ, ಅಷ್ಟೇ. ಅಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ಬಾಳೆಹಣ್ಣು ಹಿಡಿದು ಪರೀಕ್ಷಾ ಕೇಂದ್ರಕ್ಕೆ ಹೋದೆ. ಜೊತೆಯ ಮೇಲ್ವಿಚಾರಕರು ಕಥೆ ಕೇಳಿ, ಹಣ್ಣು ತಿಂದು, ಸಿಪ್ಪೆಯನ್ನು ಕಿಟಕಿಯಾಚೆ ನಿಂತಿದ್ದ ಹಸುವಿಗೆ ಕೊಟ್ಟರು. “ಡಾಕ್ಟ್ರೇ, ಇದನ್ನೂ ಒಂದೀಟು ನೋಡ್ರಿ” ಎಂದು ಒಬ್ಬರು ಹಂಗಿಸಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಎರಡನೇ ಪತ್ರಿಕೆಯ ದಿನ ಪರೀಕ್ಷೆ ಮುಗಿಸಿ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತೆ. ನಾನು ಏನೂ ಹೇಳುವ ಮೊದಲೇ ಮಾಲೀಕರು ಚಹಾ ತಂದಿಟ್ಟರು. ಬಾಯಿಗೆ ಹಾಕಿಕೊಂಡರೆ ಬರೀ ಕಹಿ. ಸಕ್ಕರೆ ಕೇಳಿದೆ.

“ಬ್ಯಾಡ್ರಿ ಡಾಕ್ಟ್ರೇ. ಮನ್ಯಾಗ ಅಮ್ಮಾರಿಗೆ ಗೊತ್ತಾದ್ರ ನನ್ನ ಬೈತಾರ” ಎಂದು ಅವರು ದೃಢವಾಗಿ ತಲೆಯಾಡಿಸಿದರು. ಯಾರದೋ ಸಕ್ಕರೆ ಕಾಯಿಲೆಗೆ ನಾನು ಪಥ್ಯ ಮಾಡಬೇಕಾಯಿತು. ಮೂರು ಸಲ ನಾನಲ್ಲ ಎಂದು ಹೇಳಿ ನೋಡಿದೆ. ಸಕ್ಕರೆಯ ಆಸೆಗೆ ಮನುಷ್ಯ ಎಂಥ ಸುಳ್ಳಾದರೂ ಹೇಳುತ್ತಾನೆ ಎಂಬಂತೆ ಅವರು ನಗುತ್ತಲೇ ಇದ್ದರು.

ಇಷ್ಟರಲ್ಲಿ ವಿಷಯ ಗೊತ್ತಾಯಿತು. ಹತ್ತಿರದ ಎಮ್ಮಿಗನೂರಿನಲ್ಲಿ ಒಬ್ಬ ದನದ ಡಾಕ್ಟ್ರು ಇದ್ದಾರೆ. ಸುತ್ತಲ ಹಳ್ಳಿಗಳಲ್ಲಿ ಎಲ್ಲರಿಗೂ ಬೇಕಾದವರು. ಅವರ ಮುಖ ಮತ್ತು ನನ್ನ ಮುಖ ಒಂದೇ ಅಂತೆ.

ಮೊದಮೊದಲು ಮಜಾ ಅನ್ನಿಸಿತು. ಮೂರನೇ ಪತ್ರಿಕೆಯ ದಿನ ಮಜಾ ಹೋಯಿತು. ವಯಸ್ಸಾದ ಹೆಂಗಸೊಬ್ಬರು ರಸ್ತೆಯಲ್ಲಿ ನನ್ನನ್ನು ನಿಲ್ಲಿಸಿ, ತಮ್ಮ ಆಡು ಎರಡು ದಿನದಿಂದ ಸೊಪ್ಪು ಮುಟ್ಟುತ್ತಿಲ್ಲ ಎಂದರು. ಆ ದಿನ ಸಮಾಜ ವಿಜ್ಞಾನದ ಪತ್ರಿಕೆ. ಗಂಟೆ ಹೊಡೆಯಲು ಹತ್ತು ನಿಮಿಷವಿತ್ತು. ನಾನು ಸ್ವಲ್ಪ ಬಿರುಸಾಗಿಯೇ, “ನಾನು ಡಾಕ್ಟ್ರಲ್ಲಮ್ಮ, ಮೇಷ್ಟ್ರು. ನೀವು ಬೇರೆ ಯಾರನ್ನೋ ನೋಡಿದ್ದೀರಿ, ದಾರಿ ಬಿಡ್ರಿ” ಎಂದೆ.

ಆಕೆ ನನ್ನ ಮುಖವನ್ನೇ ನೋಡಿದರು. ನೋಡುತ್ತಿದ್ದಂತೆ ಅವರ ಮುಖ ಸಣ್ಣದಾಯಿತು.

“ಆತು ಬಿಡ್ರಿ. ಎಮ್ಮಿ ಇದ್ದವ್ರು ಬ್ಯಾರೆ, ಆಡು ಇದ್ದವ್ರು ಬ್ಯಾರೆ. ನೀವೂ ಹಿಂಗ ಅಂತ ಗೊತ್ತಿದ್ದಿಲ್ಲ” ಎಂದು ಹೊರಟುಹೋದರು.

ಆ ದಿನ ಮೂರು ಗಂಟೆ ಪರೀಕ್ಷಾ ಕೋಣೆಯಲ್ಲಿ ಅತ್ತಿಂದಿತ್ತ ನಡೆದೆ. ಬೈಸಿಕೊಂಡದ್ದು ನಾನಲ್ಲ, ಎಮ್ಮಿಗನೂರಿನ ಆ ಮನುಷ್ಯ. ಅವರು ಎಷ್ಟು ವರ್ಷ ಕೊಟ್ಟಿಗೆ ಕೊಟ್ಟಿಗೆ ತಿರುಗಿ ಗಳಿಸಿದ್ದ ಒಳ್ಳೆಯ ಹೆಸರೋ, ನನ್ನ ಒಂದು ಮಾತಿಗೆ ಸವೆದುಹೋಯಿತಲ್ಲ ಎಂದು ಮನಸ್ಸು ಕೊರೆಯಿತು. ಮಧ್ಯಾಹ್ನ ಜೊತೆಯವರಿಗೆ ಹೇಳಿದರೆ ಅವರು, “ಸುಮ್ನ ಹ್ಞೂ ಅಂದುಬಿಡ್ರಿ ಸರ್. ನಿಮಗೇನು ಹೋಗಾದು?” ಎಂದರು.

ಮುಂದಿನ ಸಲ ಹಾಗೇ ಮಾಡಿದೆ. ಕೊನೆಯ ಪತ್ರಿಕೆಯ ದಿನ ನಡುವಯಸ್ಸಿನ ಒಬ್ಬರು ಬೈಕು ನಿಲ್ಲಿಸಿ, “ಡಾಕ್ಟ್ರೇ, ನಮ್ಮ ಎತ್ತು ಮುಂದಿನ ಕಾಲು ಊರವಲ್ದು. ನಾಳೆ ಹೊಲದ ಕಡೆ ಬರ್ತೀರಲ್ರಿ?” ಎಂದು ಕೇಳಿದರು. ನಾನು ಹ್ಞೂ ಎಂದು ತಲೆಯಾಡಿಸಿದೆ. ಅವರು ಸಮಾಧಾನದಿಂದ ಹೋದರು. ನಾನೂ ಸಮಾಧಾನದಿಂದ ಹೊಸಪೇಟೆಯ ಬಸ್ಸು ಹತ್ತಿದೆ.

ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಬಣ್ಣ ಕಟ್ಟಿ ಹೇಳಿದೆ. ಕಹಿ ಚಹಾದ ಮಾತಿಗೆ ಅವಳು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಎತ್ತಿನ ಮಾತಿಗೆ ನಗು ನಿಂತಿತು.

“ಅಲ್ರಿ, ಆ ಮನುಷ್ಯ ನಾಳೆ ಎತ್ತು ಹಿಡ್ಕೊಂಡು ಹೊಲದಾಗ ಕಾಯ್ತಿರ್ತಾನಲ್ಲ?”

“ನಾನೇನು ಮಾಡ್ಲಿ?”

“ನೀವು ತಲಿ ಆಡ್ಸೀರಿ, ನೀವ ಹೋಗಿ ಹೇಳ್ರಿ.”

ಯಾರಿಗೆ ಹೇಳುವುದು, ಆ ಎತ್ತಿನವರ ಊರು ಯಾವುದು ಎಂದೂ ನಾನು ಕೇಳಿರಲಿಲ್ಲ. ಉಳಿದದ್ದು ಒಂದೇ ದಾರಿ, ತಡವಾದರೂ ಆ ಡಾಕ್ಟ್ರನ್ನೇ ಕಂಡು ಹೇಳುವುದು. ಉತ್ತರ ಪತ್ರಿಕೆ ತಿದ್ದುವ ಕೆಲಸ ಮುಗಿದ ಮೇಲೆ, ಒಂದು ಭಾನುವಾರ, ಒಂದು ಪೊಟ್ಟಣ ಖಾರದ ತಿಂಡಿ ಕಟ್ಟಿಸಿಕೊಂಡು ಎಮ್ಮಿಗನೂರಿಗೆ ಹೊರಟೆ. ಸಿಹಿ ಒಯ್ಯುವಂತಿರಲಿಲ್ಲ, ಅವರಿಗೆ ಸಕ್ಕರೆ ಕಾಯಿಲೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಊರೊಳಗೆ ಕಾಲಿಟ್ಟಾಗ ಇನ್ನೊಂದು ಫಜೀತಿ. ಡಾಕ್ಟ್ರ ಮನೆ ಎಲ್ಲಿದೆ ಎಂದು ಕೇಳಬೇಕು, ಡಾಕ್ಟ್ರ ಮುಖವೇ ಇಟ್ಟುಕೊಂಡು! ಇಬ್ಬರು ನಮಸ್ಕಾರ ಮಾಡಿ ಹೋದರು. ಅವರನ್ನು ಕೇಳಲು ನಾಚಿಕೆಯಾಯಿತು. ಕೊನೆಗೆ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕರ ಹತ್ತಿರ ಹೋಗಿ, “ಯಜಮಾನ್ರೇ, ದನದ ಡಾಕ್ಟ್ರ ಮನಿ ಎಲ್ಲಿ ಬರ್ತದ್ರಿ?” ಎಂದೆ.

ಅವರು ಬಾಯಿಂದ ಬೀಡಿ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನಿಮ್ಮ ಮನಿ ನನ್ನ ಕೇಳ್ತೀರೇನ್ರಿ? ಏನಾತ್ರಿ ನಿಮಗ?” ಎಂದವರು ತಟ್ಟನೆ ನಿಲ್ಲಿಸಿದರು. ಎದ್ದು ಹತ್ತಿರ ಬಂದು ಬಗ್ಗಿ ನೋಡಿದರು. “ಅಲ್ಲ. ನೀವು ಅವ್ರಲ್ಲ.”

ಇಷ್ಟು ದಿನಗಳಲ್ಲಿ ಹೀಗೆ ಹೇಳಿದ ಮೊದಲ ಮನುಷ್ಯ ಅವರು. ಅಪ್ಪಿಕೊಳ್ಳಬೇಕು ಅನ್ನಿಸಿತು. ಹೇಗೆ ಗೊತ್ತಾಯಿತು ಎಂದು ಕೇಳಿದೆ.

“ಬೀಡಿ ನೋಡಿನೂ ಸುಮ್ನ ನಿಂತೀರಲ್ರಿ. ಅವ್ರಾಗಿದ್ರ ಇಷ್ಟೊತ್ತಿಗೆ ಕಸ್ಕೊಂಡು ಒಗೀತಿದ್ರು.”

ಆ ಮುದುಕರೇ ನನ್ನನ್ನು ಒಂದು ಕೊಟ್ಟಿಗೆಗೆ ಕರೆದೊಯ್ದರು. ಒಳಗೆ ಎಮ್ಮೆಯೊಂದು ಕರು ಹಾಕಲು ಕಷ್ಟಪಡುತ್ತಿತ್ತು. ಅದರ ಹಿಂದೆ ಬನಿಯನ್ನಿನಲ್ಲಿದ್ದ ಒಬ್ಬರು, ಭುಜದವರೆಗೆ ಕೈ ಒದ್ದೆ ಮಾಡಿಕೊಂಡು ಮಂಡಿಯೂರಿದ್ದರು. ತಿರುಗಿ ನೋಡದೆಯೇ, “ಯಾರದು ಬಂದಿದ್ದು? ಸುಮ್ನ ನಿಂದ್ರಬ್ಯಾಡ್ರಿ, ಹಗ್ಗ ಹಿಡೀರಿ” ಎಂದರು. ಖಾರದ ಪೊಟ್ಟಣ ಮುದುಕರ ಕೈಗೆ ಕೊಟ್ಟು ಹಗ್ಗ ಹಿಡಿದೆ. ಅವರು ಹೇಳಿದಾಗ ಎಳೆದೆ, ಬಿಡು ಅಂದಾಗ ಬಿಟ್ಟೆ. ಇಪ್ಪತ್ತೈದು ವರ್ಷ ಬೇರೆಯವರಿಗೆ ಅಪ್ಪಣೆ ಕೊಟ್ಟವನಿಗೆ ಹಾಗೆ ಹೇಳಿದಂತೆ ಕೇಳುವುದೂ ಒಂಥರಾ ಹಾಯೆನಿಸಿತು. ಕರು ಒಮ್ಮೆಲೇ ಜಾರಿ ಹುಲ್ಲಿನ ಮೇಲೆ ಬಿತ್ತು. ಡಾಕ್ಟ್ರು ಅದರ ಮೂಗು ಬಾಯಿ ಒರೆಸಿ, ಅದು ಸೀನಿದ ಮೇಲೆ ಎದ್ದು ನಿಂತು ನನ್ನ ಕಡೆ ತಿರುಗಿದರು.

ಮನೆಯ ಯಜಮಾನಿ “ಅಯ್ಯಯ್ಯೋ, ಕರಾ ಒಂದ, ಡಾಕ್ಟ್ರು ಎರಡು!” ಎಂದು ಕೂಗಿದರು. ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ ಸೇರಿದರು.

ನನಗಾದರೋ ನಿರಾಸೆಯಾಯಿತು. ಎದುರಿಗೆ ನಿಂತಿದ್ದವರು ನನ್ನಂತೆ ಸ್ವಲ್ಪವೂ ಇರಲಿಲ್ಲ. ನನಗಿಂತ ಕಪ್ಪು. ಮುಂದಿನ ಹಲ್ಲಿನ ನಡುವೆ ಸಂದಿ. ಕಿವಿ ಅಗಲ. ಹುಬ್ಬು ದಪ್ಪ. ನನ್ನನ್ನು ಇವರೆಂದೇ ಏನು ಜನ ತಿಳಿದದ್ದು ಎಂದು ಸಣ್ಣ ಸಿಟ್ಟು ಕೂಡ ಬಂತು. ಅವರೂ ನನ್ನನ್ನು ತಲೆ ಓರೆ ಮಾಡಿ ನೋಡುತ್ತಿದ್ದರು. ಬಹುಶಃ ಎಮ್ಮೆಗಳನ್ನು ಹಾಗೇ ನೋಡುತ್ತಿದ್ದರೇನೋ.

“ನಾನು ಹಿಂಗ ಅದೀನೇನ್ರಿ?” ಎಂದು ಮುದುಕರನ್ನು ಕೇಳಿದರು. ಅವರ ದನಿಯಲ್ಲೂ ನಿರಾಸೆಯೇ ಇತ್ತು.

“ಥೇಟ್” ಎಂದರು ಮುದುಕರು. ಕೈಯಲ್ಲಿದ್ದ ಖಾರದ ಪೊಟ್ಟಣ ಆಗಲೇ ಬಿಚ್ಚಿತ್ತು.

ಅವರ ಮನೆಯಲ್ಲಿ ಡಾಕ್ಟ್ರ ಹೆಂಡತಿ ನಮ್ಮಿಬ್ಬರನ್ನೂ ಅಕ್ಕಪಕ್ಕ ಕೂಡಿಸಿ, ಒಂದಿಷ್ಟು ಹೊತ್ತು ನೋಡಿ ತೀರ್ಪು ಕೊಟ್ಟರು. “ಕಣ್ಣು ಬ್ಯಾರೆ, ಮೂಗು ಬ್ಯಾರೆ. ಆದ್ರ ಏನೋ ಕೇಳಾಕ ತಯಾರಾಗಿ ನಿಂತಂಗ ಒಂದು ಮುಖ ಮಾಡ್ತೀರಲ್ಲ, ಅದು ಇಬ್ರದೂ ಒಂದ.” ನಾವಿಬ್ಬರೂ ಒಮ್ಮೆಲೇ ಅವರ ಕಡೆ ತಿರುಗಿದೆವಂತೆ, ಅದೇ ಮುಖ ಮಾಡಿಕೊಂಡು. ಆಕೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತ ಒಳಗೆ ಹೋದರು. ನನಗೆ ಸಕ್ಕರೆ ಹಾಕಿದ ಚಹಾ ಬಂತು. ಡಾಕ್ಟ್ರು ನನ್ನ ಲೋಟವನ್ನೇ ಆಸೆಯಿಂದ ನೋಡುತ್ತ ತಮ್ಮದನ್ನು ಕುಡಿದರು.

ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಎತ್ತಿನ ವಿಷಯಕ್ಕೆ ಕ್ಷಮೆ ಕೇಳಿದೆ.

“ಓ, ಅದು ನೀವೇನ್ರಿ? ಆ ಮನುಷ್ಯ ಫೋನಿನಾಗ ಎಷ್ಟು ಬೈದ ಗೊತ್ತೇನ್ರಿ. ನಾನು ಬರ್ತೀನಿ ಅಂದಿಲ್ಲ ಅಂತೀನಿ, ಅವ, ನೀವು ತಲಿ ಆಡ್ಸಿದ್ದು ನಾನ ನೋಡೀನಿ ಅಂತಾನ. ಕಡೀಗೆ ಹೋಗಿ ನೋಡಿದೆ. ಗೊರಸಿನಾಗ ಮುಳ್ಳು ಮುರ್ದಿತ್ತು, ತೆಗ್ದೆ. ಈಗ ಆರಾಮ ಐತಿ.” ಆಡಿನ ಹೆಂಗಸಿನ ವಿಷಯ ಹೇಳಿದಾಗ ಮಾತ್ರ ಅವರು ಗಂಭೀರರಾದರು. ಯಾರ ಮನೆ ಎಂದು ಗುರುತು ಹಿಡಿದು, “ಸಂಜಿಗೆ ಹೋಗಿ ಬರ್ತೀನಿ” ಎಂದರು.

ಆಮೇಲೆ ಲೋಟ ಕೆಳಗಿಟ್ಟು ನನ್ನ ಕಡೆ ಸರಿದು ಕೂತರು.

“ಸರ್, ನಾನೂ ನಿಮಗೊಂದು ಹೇಳಾದು ಐತ್ರಿ. ಹೊಸಪೇಟಿಗೆ ಬಂದ್ರ ನನಗೂ ಹಿಂಗ ಆಗ್ತದ. ಹುಡುಗ್ರು ಬಂದು ಕಾಲು ಮುಟ್ತಾರ. ಪಾಸಾದೆ ಸರ್ ಅಂತಾರ. ಚಲೋ ಆತಪ್ಪ, ಲೆಕ್ಕ ಬಿಡಬ್ಯಾಡ ಅಂತೀನಿ. ನನಗ ಲೆಕ್ಕ ಅಂದ್ರ ಮೊದ್ಲಿಂದ ಆಗಲ್ಲ, ಆದ್ರೂ ಅಂತೀನಿ. ಅದೆಲ್ಲ ಇರ್ಲಿ. ಹೋದ ದೀಪಾವಳಿ ಮುಂದ ಮನಿಯವ್ರನ್ನ ಕರ್ಕೊಂಡು ಹಂಪಿಗೆ ಹೋಗಿದ್ದೆ. ಹೊಳಿ ದಂಡಿ ಮ್ಯಾಲೆ ಮಂಡಕ್ಕಿ ತಿನ್ಕಂತ ಕುಂತಿದ್ವಿ. ಒಬ್ಬ ಹುಡುಗ, ಹೆಂಡ್ತಿ ಮಗಳು ಜೊತಿಗಿದ್ರು, ಬಂದು ಮುಂದ ನಿಂತ. ಗುರುತು ಸಿಗ್ತೇನ್ರಿ ಸರ್ ಅಂದ. ನಾನು ಹ್ಞೂನಪ್ಪ ಅಂದೆ. ಕಾಲು ಮುಟ್ಟಲಿಲ್ಲ. ಹಂಗ ನಿಂತು ಹೇಳಿದ. ಅವತ್ತು ಬೋರ್ಡಿನ ಮುಂದ ನಿಲ್ಸಿ, ಈ ಮುಖಕ್ಕ ಲೆಕ್ಕ ಬರ್ತದೇನಲೇ, ಕಾಪಿ ಹೊಡ್ದೀ ಅಂದಿದ್ರಿ. ನಾನು ಕಾಪಿ ಹೊಡ್ದಿದ್ದಿಲ್ರಿ ಸರ್. ಅಷ್ಟ ಹೇಳ್ಬೇಕಿತ್ತು ಅಂದ.”

ನಾನು ಲೋಟ ಕೆಳಗಿಟ್ಟೆ.

“ನಾನಲ್ಲಪ್ಪ ಅಂತ ಹೇಳಾಕ ಬಾಯಿ ತೆಗ್ದೆ. ಆದ್ರ ಅವನ ಮುಖ ನೋಡಿದ್ರ ಆ ಮಾತು ಬರಲಿಲ್ಲ ನೋಡ್ರಿ. ಎಷ್ಟು ವರ್ಷದಿಂದ ಇಟ್ಕೊಂಡಿದ್ನೋ. ಎಷ್ಟು ಧೈರ್ಯ ಮಾಡಿ ಬಂದಿದ್ನೋ. ನಾನಲ್ಲ ಅಂದ್ರ ಅವ ಮತ್ತ ಯಾರಿಗೆ ಹೇಳ್ಬೇಕು? ಅದಕ್ಕ ಅವನ ಕೈ ಹಿಡ್ಕೊಂಡು, ತಪ್ಪಾತಪ್ಪಾ, ಮನಸ್ನಾಗ ಇಟ್ಕಾಬ್ಯಾಡ ಅಂದೆ. ಅವ ಅತ್ತುಬಿಟ್ಟ. ನಾನೂ ಒಂದೀಟು ಅತ್ತೆ.” ಅವರು ನನ್ನ ಕಡೆ ನೋಡಿದರು. “ನಿಮ್ಮನ್ನ ಕೇಳದ ನಿಮ್ಮ ಪರವಾಗಿ ತಪ್ಪು ಒಪ್ಕೊಂಡೆ. ನಾನು ಮಾಡಿದ್ದು ಸರಿಯಲ್ಲೇನ್ರಿ?”

“ಅವನ ಹೆಸರೇನ್ರಿ?” ಎಂದು ಕೇಳಿದೆ. ಆ ಮಾತು ನಾನು ಆಡಿದ್ದೆನೇ ಎಂದು ನೆನಪಿಸಿಕೊಳ್ಳಬೇಕಾಗಿರಲಿಲ್ಲ, ಅದು ನನ್ನದೇ ಮಾತು. ಸಿಟ್ಟು ಬಂದಾಗ ಎಷ್ಟೋ ಹುಡುಗರಿಗೆ ಅಂದಿದ್ದೇನೆ. ಅಂದು ಐದು ನಿಮಿಷಕ್ಕೆ ಮರೆತಿದ್ದೇನೆ. ಆ ಹುಡುಗ ಯಾರು ಎಂಬುದು ಮಾತ್ರ ನೆನಪಿಗೆ ಬರಲಿಲ್ಲ. ಡಾಕ್ಟ್ರಿಗೂ ಅವನ ಹೆಸರು ಗೊತ್ತಿರಲಿಲ್ಲ. ವಡ್ಡು ಎಂಬ ಊರಿನ ಕಡೆ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಅಂದಿದ್ದನಂತೆ.

ಹೊಸಪೇಟೆಗೆ ಬರುವಾಗ ದಾರಿಯುದ್ದಕ್ಕೂ ಬೋರ್ಡಿನ ಮುಂದೆ ನಿಂತ ಹುಡುಗರನ್ನು ಒಬ್ಬೊಬ್ಬರಾಗಿ ನೆನೆಸಿಕೊಂಡೆ. ಬುಕ್ಕಸಾಗರ ದಾಟಿದ ಮೇಲೆ ಅವನು ಸಿಕ್ಕ. ಹನ್ನೆರಡು ವರ್ಷದ ಹಿಂದಿನ ತರಗತಿ. ಎರಡು ಸಂಖ್ಯೆ ಕೂಡಿಸಿದರೆ ಇಪ್ಪತ್ತೇಳು, ಗುಣಿಸಿದರೆ ನೂರ ಎಂಬತ್ತೆರಡು, ಆ ಸಂಖ್ಯೆಗಳು ಯಾವುವು ಎಂಬ ಲೆಕ್ಕ. ಕೊನೆಯ ಬೆಂಚಿನ ಮಾತಿಲ್ಲದ ಹುಡುಗನನ್ನು ಬೋರ್ಡಿಗೆ ಕರೆದಿದ್ದೆ. ನಾನು ಹೇಳಿಕೊಟ್ಟ ಸಮೀಕರಣದ ಒಂದು ಸಾಲೂ ಬರೆಯದೆ, ಮೂಲೆಯಲ್ಲಿ ಏನೋ ಗೀಚಿ, ಹದಿಮೂರು, ಹದಿನಾಲ್ಕು ಎಂದು ಬರೆದು ನಿಂತಿದ್ದ. ಉತ್ತರ ಸರಿಯಿತ್ತು. ಗೈಡ್ ನೋಡಿ ಬಾಯಿಪಾಠ ಮಾಡಿದ್ದಾನೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಆ ಮಾತು ಅಂದೆ. ತರಗತಿ ನಕ್ಕಿತು. ಅವನು ತನ್ನ ಜಾಗಕ್ಕೆ ಹೋಗಿ ಕೂತ. ಅಷ್ಟೇ ನಡೆದದ್ದು.

ನೆನಪಿನಲ್ಲಿ ಅವನ ಬೆನ್ನಿತ್ತು, ಕಾಲರಿನ ಹರಿದ ಅಂಚಿತ್ತು, ಸೀಮೆಸುಣ್ಣ ಹತ್ತಿದ ಬೆರಳಿತ್ತು. ಮುಖ ಮಾತ್ರ ಎಷ್ಟು ಪ್ರಯತ್ನಿಸಿದರೂ ಬರಲಿಲ್ಲ.

ಆ ತರಗತಿಯವರ ಒಂದು ವಾಟ್ಸಾಪ್ ಗುಂಪಿತ್ತು. ಕೊನೆಯ ಬೆಂಚು, ಈಗ ಫಿಟ್ಟರ್ ಕೆಲಸ ಎಂದು ಗುರುತು ಹೇಳಿದ ಮೇಲೆ ಅದರಲ್ಲಿದ್ದ ಒಬ್ಬಳ ಮೂಲಕ ಅವನ ನಂಬರು ಸಿಕ್ಕಿತು. ಎರಡು ದಿನ ಫೋನು ಕೈಯಲ್ಲಿ ಹಿಡಿದು ಕೂತೆ. ಹೆಂಡತಿ ನೋಡಿ ನೋಡಿ, “ಬೈಯೋವಾಗ ಎದುರಿಗಿದ್ರಿ. ಇದನ್ನೂ ಎದುರಿಗೇ ಹೋಗಿ ಹೇಳ್ರಿ” ಎಂದಳು. ಫೋನು ಮಾಡಿ, ಆ ಕಡೆ ಬರುವ ಕೆಲಸವಿದೆ, ಸಿಗುತ್ತೀಯಾ ಎಂದಷ್ಟೇ ಕೇಳಿದೆ. ಶನಿವಾರ ಎರಡು ಗಂಟೆಗೆ ಪಾಳಿ ಮುಗಿಯುತ್ತದೆ, ಗೇಟಿನ ಹತ್ತಿರ ಬರ್ರಿ ಸರ್ ಎಂದ. ದನಿ ಮೆತ್ತಗಿತ್ತು.

ಗೇಟಿನ ಮುಂದೆ ಬೇವಿನ ಮರದ ಕೆಳಗೆ ನಿಂತೆ. ಎರಡು ಗಂಟೆಗೆ ಗೇಟು ತೆರೆಯಿತು. ನೂರಾರು ಜನ ಒಮ್ಮೆಲೇ ಹೊರಬಂದರು. ಎಲ್ಲರ ತಲೆಯ ಮೇಲೂ ಅದೇ ಹೆಲ್ಮೆಟ್ಟು, ಮೈಮೇಲೆ ಅದೇ ನೀಲಿ ಅಂಗಿ, ಹುಬ್ಬು ಮೀಸೆ ಕೆನ್ನೆಯ ಮೇಲೆಲ್ಲ ಅದೇ ಕೆಂಪು ಧೂಳು. ಎಲ್ಲರೂ ಒಬ್ಬನೇ ಮನುಷ್ಯನಂತೆ ಕಂಡರು. ಮುಖವೇ ನೆನಪಿಲ್ಲದವನನ್ನು ಇದರಲ್ಲಿ ಎಲ್ಲಿ ಹುಡುಕುವುದು ಎಂದು ದಿಗಿಲಾಯಿತು. ನಾನು ಹುಡುಕಬೇಕಾಗಲಿಲ್ಲ.

“ಸರ್!”

ಗುಂಪಿನೊಳಗಿಂದ ಒಬ್ಬ ಕೈ ಎತ್ತಿದ. ಹತ್ತಿರ ಬಂದು, “ಒಂದು ನಿಮಿಷ ನಿಂದ್ರಿ ಸರ್” ಎಂದು ಪಕ್ಕದ ನಲ್ಲಿಗೆ ಹೋಗಿ ಹೆಲ್ಮೆಟ್ಟು ತೆಗೆದು ಮುಖ ತೊಳೆದ. ಕೆಂಪು ನೀರು ಹರಿಯಿತು. ಕರವಸ್ತ್ರದಿಂದ ಒರೆಸಿಕೊಳ್ಳುತ್ತ ಬಂದ. ಕುರುಚಲು ಗಡ್ಡ, ಎಡ ಹುಬ್ಬಿನ ಮೇಲೆ ಸಣ್ಣ ಗಾಯದ ಗುರುತು, ದೊಡ್ಡ ಕಣ್ಣು. ಒಳ್ಳೆಯ ಮುಖ. ನಾನು ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿತು.

ಎಲ್ಲವನ್ನೂ ನಿಂತಲ್ಲೇ ಹೇಳಿದೆ. ಹಂಪಿಯಲ್ಲಿ ಸಿಕ್ಕವರು ನಾನಲ್ಲ, ಎಮ್ಮಿಗನೂರಿನ ದನದ ಡಾಕ್ಟ್ರು ಎಂದೆ. ಅವನ ಬಾಯಿ ತೆರೆದುಕೊಂಡಿತು. ಆಮೇಲೆ, “ಆದರೆ ಆ ಮಾತು ಅಂದವನು ನಾನೇ. ತಪ್ಪು ನನ್ನದು. ಅದನ್ನು ನಾನೇ ಹೇಳಬೇಕು ಅಂತ ಬಂದೆ” ಎಂದೆ.

ಅವನು ನೆಲ ನೋಡಿದ. ಮತ್ತೆ ನನ್ನನ್ನು ನೋಡಿದ. ಅಳುತ್ತಾನೇನೋ ಎಂದು ಹೆದರಿದೆ. ಅವನು ನಗಲು ಶುರುಮಾಡಿದ.

“ಅದಕ್ಕ ಸರ್! ಅವತ್ತು ಮನಿಗೆ ಹೋಗಿ ನಮ್ಮಾಕಿಗೆ ಅಂದೆ, ನಮ್ಮ ಸರ್ ಭಾಳ ಮೆತ್ತಗಾಗ್ಯಾರ, ಗುರುತ ಸಿಗವಲ್ರು ಅಂತ.” ನಗು ತಡೆದುಕೊಂಡು ಮುಂದುವರಿಸಿದ. “ಅವರು ತಪ್ಪು ಒಪ್ಕೊಂಡಿದ್ದೂ ಇರ್ಲಿ, ನೀವು ಒಪ್ಕೊಂಡಿದ್ದೂ ಇರ್ಲಿ ಸರ್. ಎರಡೂ ಇಟ್ಕೊಂತೀನಿ.”

“ಆ ಲೆಕ್ಕ ಹೆಂಗ ಮಾಡಿದ್ದಿ? ಇವತ್ತಾದ್ರೂ ಹೇಳು.”

ಅವನು ಸುತ್ತ ನೋಡಿ, ಧೂಳು ಕೂತಿದ್ದ ತನ್ನ ಬೈಕಿನ ಸೀಟಿನ ಮೇಲೆ ಬೆರಳಿಂದ ಬರೆಯತೊಡಗಿದ. ಎರಡೂ ಸಮನಾಗಿದ್ದರೆ ತಲಾ ಹದಿಮೂರೂವರೆ. ಹದಿಮೂರೂವರೆಯನ್ನು ಅದರಿಂದಲೇ ಗುಣಿಸಿದರೆ ನೂರ ಎಂಬತ್ತೆರಡೂ ಕಾಲು. ನಮಗೆ ಬೇಕಾದದ್ದು ನೂರ ಎಂಬತ್ತೆರಡು. ಅಂದರೆ ಕಾಲು ಹೆಚ್ಚಾಯಿತು. ಕಾಲು ಬರುವುದು ಅರ್ಧವನ್ನು ಅರ್ಧದಿಂದ ಗುಣಿಸಿದಾಗ. ಹಾಗಾದರೆ ಒಂದು ಕಡೆ ಅರ್ಧ ಕಡಿಮೆ ಮಾಡು, ಇನ್ನೊಂದು ಕಡೆ ಅರ್ಧ ಸೇರಿಸು. ಹದಿಮೂರು, ಹದಿನಾಲ್ಕು.

“ಯಾರು ಹೇಳಿಕೊಟ್ರು?”

“ಯಾರೂ ಇಲ್ಲ ಸರ್. ಬೋರ್ಡಿಗೆ ಬರೋವಾಗ ತಲ್ಯಾಗ ಬಂತು.”

ನಾನು ಸೀಟಿನ ಮೇಲಿನ ಲೆಕ್ಕ ನೋಡಲಿಲ್ಲ, ಅವನ ಮುಖ ನೋಡುತ್ತಿದ್ದೆ. ತುಟಿ ಸ್ವಲ್ಪ ತೆರೆದಿತ್ತು. ಹುಬ್ಬು ಮೇಲೇರಿತ್ತು. ಕಾಲು ಹೆಚ್ಚಾಯಿತು ಎನ್ನುವಾಗ ಕಣ್ಣು ಥಟ್ಟನೆ ಹೊಳೆದವು. ಅವತ್ತು ಬೋರ್ಡಿಗೆ ಮುಖ ಮಾಡಿ ನಿಂತಾಗಲೂ ಅವು ಹೀಗೇ ಹೊಳೆದಿರಬೇಕು. ನಾನು ಕಂಡದ್ದು ಅವನ ಬೆನ್ನು. ನೋಡದ ಮುಖದ ಬಗ್ಗೆ ಇಡೀ ತರಗತಿಯ ಮುಂದೆ ತೀರ್ಪು ಕೊಟ್ಟಿದ್ದೆ. ಅವನು ನಾನು ಯೋಚಿಸುತ್ತ ನಿಲ್ಲಲು ಬಿಡಲಿಲ್ಲ. ಅಂಗೈಯಿಂದ ಸೀಟು ಒರೆಸಿ, “ಹತ್ರಿ ಸರ್, ಊಟಕ್ಕ ಹೋಗಾಣ” ಎಂದ.

ವಡ್ಡುವಿನಲ್ಲಿ ಅವನ ಮನೆ ಎರಡು ಕೋಣೆಯದು, ಮುಂದೆ ಕರಿಬೇವಿನ ಗಿಡ. ಬಾಗಿಲಲ್ಲಿ ನಿಂತಿದ್ದ ಅವನ ನಾಲ್ಕು ವರ್ಷದ ಮಗಳು ನನ್ನನ್ನು ನೋಡಿದ್ದೇ ತಡ, ಬಾಯಿ ದೊಡ್ಡದು ಮಾಡಿ ನಾಲಿಗೆ ಪೂರ್ತಿ ಹೊರಗೆ ಚಾಚಿದಳು. ನಾನು ಗಾಬರಿಯಾದೆ.

“ತಪ್ಪು ತಿಳ್ಕಾಬ್ಯಾಡ್ರಿ ಸರ್” ಎಂದು ಅವನ ಹೆಂಡತಿ ಓಡಿಬಂದಳು. “ಹಂಪಿಯಾಗ ನೀವು ಇಕಿನ್ನ ಮಾತಾಡ್ಸೋವಾಗ ನಾಲಿಗಿ ತೋರ್ಸು ಅಂದಿದ್ರಿ. ಕಣ್ಣಿನ ರೆಪ್ಪಿನೂ ಎಳ್ದು ನೋಡಿದ್ರಿ. ಮೇಷ್ಟ್ರು ಯಾಕ ಹಿಂಗ ನೋಡ್ತಾರ ಅಂತ ನಾನು ಅವತ್ತ ಅಂದಿದ್ದೆ!” ಗಂಡನ ಬಾಯಿಂದ ವಿಷಯವೆಲ್ಲ ಕೇಳಿದ ಮೇಲೆ ಆಕೆ ಗೋಡೆಗೆ ಒರಗಿ ನಕ್ಕಳು. ಮಗಳು ನಾಲಿಗೆ ಒಳಗೆಳೆದುಕೊಳ್ಳದೆ ಇನ್ನೂ ನಿಂತಿದ್ದಳು. ನಾನು ಬಗ್ಗಿ, ಗಂಭೀರವಾಗಿ ನೋಡಿ, “ಮಸ್ತ್ ಐತವ್ವ, ಒಳಗ ಹಾಕ್ಕೋ” ಎಂದೆ.

ಜೋಳದ ರೊಟ್ಟಿ, ಪುಂಡಿಪಲ್ಯ, ಮೊಸರು ಹಾಕಿದರು. ಮೂರು ರೊಟ್ಟಿ ತಿಂದೆ. ನಾಲ್ಕನೆಯದನ್ನು ಬೇಡ ಅಂದರೂ ತಟ್ಟೆಗೆ ಬಿತ್ತು. ಸಂಜೆ ಅವನೇ ಬೈಕಿನಲ್ಲಿ ಹೊಸಪೇಟೆಯ ಬಸ್ಸಿಗೆ ಬಿಟ್ಟ. ಹೊರಡುವಾಗ ಕಾಲು ಮುಟ್ಟಲು ಬಗ್ಗಿದ. ನಾನು ಭುಜ ಹಿಡಿದು ಎಬ್ಬಿಸಿ, ಮುಖವನ್ನು ಇನ್ನೊಂದು ಸಲ ಚೆನ್ನಾಗಿ ನೋಡಿಕೊಂಡೆ. ಏನು ನೋಡ್ತೀರಿ ಸರ್ ಎಂದ. ಏನಿಲ್ಲಪ್ಪ ಎಂದೆ.

ಜೂನಿನಲ್ಲಿ ಶಾಲೆ ಮತ್ತೆ ಶುರುವಾದಾಗ ಒಂದು ಬದಲಾವಣೆ ಮಾಡಿದೆ. ಬೋರ್ಡಿಗೆ ಕರೆದ ಮಕ್ಕಳು ಲೆಕ್ಕ ಬರೆದ ಮೇಲೆ ನಮ್ಮೆಲ್ಲರ ಕಡೆ ತಿರುಗಿ ನಿಂತು, ಹೇಗೆ ಮಾಡಿದೆ ಎಂದು ಬಾಯಿಬಿಟ್ಟು ಹೇಳಬೇಕು. ನಾನು ಕೊನೆಯ ಬೆಂಚಿನಲ್ಲಿ ಉಳಿದ ಹುಡುಗರ ಜೊತೆ ಕೂತು ಕೇಳುತ್ತೇನೆ. ಮೊದಲ ವಾರ ಒಬ್ಬರೂ ಬಾಯಿ ಬಿಡಲಿಲ್ಲ. ಎರಡನೇ ವಾರ ಒಬ್ಬಳು ಹುಡುಗಿ ಅರ್ಧ ಹೇಳಿ, ನಡುವೆ ತನ್ನ ತಪ್ಪು ತಾನೇ ಕಂಡುಹಿಡಿದು, “ಅಯ್ಯೋ ನಿಂದ್ರಿ ಸರ್, ನಿಂದ್ರಿ!” ಎಂದು ಡಸ್ಟರ್ ಹಿಡಿದು ಬೋರ್ಡಿನ ಕಡೆ ಓಡಿದಳು.